ಟ್ಯಾಗಿನ ಪೂರ್ತಿ ಹೆಸರು

ಕನ್ನಡ ವಿಕಿಪೀಡಿಯದ ಎಲ್ಲ ಲೇಖನಗಳನ್ನೂ ಒಂದೇ ಕಡತವಾಗಿ ಇಳಿಸಿಕೊಳ್ಳಬಹುದು. ವಿಕಿಮೀಡಿಯ ಪ್ರತಿಷ್ಠಾನ ಅದನ್ನು ಎಕ್ಸ್‌ಎಂಎಲ್ ರೂಪದಲ್ಲಿ, ಕುಗ್ಗಿಸಿ, ಕಾಲಕಾಲಕ್ಕೆ ಸಾರ್ವಜನಿಕರಿಗೆ ಇಡುತ್ತದೆ. ಕಾಗುಣಿತ ಪರೀಕ್ಷಕಕ್ಕೆ ಪದಪಟ್ಟಿ ಬೇಕಾಗಿ ನಾನು ಆ ಕಡತಕ್ಕೆ ಕೈಹಾಕಿದೆ. ತೆರೆದು ನೋಡಿದರೆ ರಚನೆ ಸರಳವಾಗಿತ್ತು. ಮೀಡಿಯಾವಿಕಿ ಎಂಬ ಬೇರು ಟ್ಯಾಗು, ಅದರೊಳಗೆ ಸಾಲುಸಾಲಾಗಿ ‘ಪೇಜ್’, ಪ್ರತಿ ಪೇಜಿನಲ್ಲಿ ‘ಟೈಟಲ್’, ‘ರಿವಿಷನ್’, ಅದರೊಳಗೆ ‘ಟೆಕ್ಸ್ಟ್’. ಪೈಥಾನ್‌ನ ಎಲಿಮೆಂಟ್‌ಟ್ರೀ ಲೈಬ್ರರಿಗೆ ಪೇಜ್‌ಗಳನ್ನೆಲ್ಲ ಹುಡುಕಿಕೊಡು ಎಂದರೆ ಬಂದದ್ದು ಖಾಲಿ ಪಟ್ಟಿ. ದೋಷಸೂಚನೆ ಇಲ್ಲ, ಎಚ್ಚರಿಕೆಯೂ ಇಲ್ಲ. ಪರದೆಯ ಮೇಲೆ ಪೇಜ್‌ಗಳು ಒಂದರ ಹಿಂದೊಂದು ಕಾಣುತ್ತಿವೆ, ಪೈಥಾನ್ ಮಾತ್ರ ಒಂದೂ ಇಲ್ಲ ಎನ್ನುತ್ತಿದೆ.

ಕಾರಣ ಬೇರು ಟ್ಯಾಗಿನಲ್ಲೇ ಬರೆದಿತ್ತು. ಅಲ್ಲಿ ‘ಎಕ್ಸ್‌ಎಂಎಲ್‌ಎನ್‌ಎಸ್’ ಎಂಬ ಹೆಸರಿನಲ್ಲಿ ಮೀಡಿಯಾವಿಕಿ ತಾಣದ ಒಂದು ವಿಳಾಸವಿದೆ. ವಿಳಾಸದ ಕೊನೆಯಲ್ಲಿ ‘ಎಕ್ಸ್‌ಪೋರ್ಟ್-0.10’ ಎಂಬ ಆವೃತ್ತಿ ಸಂಖ್ಯೆ. ಆ ಒಂದು ಘೋಷಣೆ ಒಳಗಿರುವ ಪ್ರತಿ ಟ್ಯಾಗಿಗೂ ಅಂಟಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ‘ಪೇಜ್’ ಎಂದು ಕಂಡದ್ದು ಪಾರ್ಸರಿಗೆ ‘ಆ ವಿಳಾಸದ ಪೇಜ್’. ಬರಿಯ ‘ಪೇಜ್’ ಎಂದು ಕೇಳಿದರೆ ಯಾವ ವಿಳಾಸಕ್ಕೂ ಸೇರದ ಪೇಜ್ ಬೇಕು ಎಂದು ಕೇಳಿದ ಹಾಗೆ, ಅಂಥದ್ದು ಆ ಕಡತದಲ್ಲಿ ನಿಜಕ್ಕೂ ಒಂದೂ ಇಲ್ಲ. ಪೈಥಾನ್ ಹೇಳಿದ್ದು ಸರಿಯಾಗಿಯೇ ಇತ್ತು. ಬೇರು ಟ್ಯಾಗಿನ ಹೆಸರನ್ನು ಮುದ್ರಿಸಿ ನೋಡಿದರೆ ಇದು ತಕ್ಷಣ ತಿಳಿಯುತ್ತದೆ. ಎಲಿಮೆಂಟ್‌ಟ್ರೀ ಮೊದಲು ಪುಷ್ಪಾವರಣದೊಳಗೆ ಇಡೀ ವಿಳಾಸವನ್ನೂ ಅದಕ್ಕೆ ತಾಗಿಸಿ ಟ್ಯಾಗಿನ ಹೆಸರನ್ನೂ ತೋರಿಸುತ್ತದೆ. ಅಂದಿನಿಂದ ಯಾವ ಹೊಸ ಎಕ್ಸ್‌ಎಂಎಲ್ ಕಡತ ಬಂದರೂ ಹುಡುಕಾಟಕ್ಕೆ ಮುಂಚೆ ಬೇರಿನ ಹೆಸರನ್ನು ಮುದ್ರಿಸುವುದು ನನ್ನ ಅಭ್ಯಾಸವಾಗಿದೆ.

ಈ ಏರ್ಪಾಡು ಯಾಕೆ ಬಂತು ಎಂಬುದು ತಿಳಿದಮೇಲೆ ಅದರ ಬಗ್ಗೆ ನನ್ನ ಸಿಡಿಮಿಡಿ ಇಳಿಯಿತು. ಎಕ್ಸ್‌ಎಂಎಲ್ 1.0 ಶಿಫಾರಸನ್ನು ಡಬ್ಲ್ಯೂ3ಸಿ 1998ರ ಫೆಬ್ರುವರಿಯಲ್ಲಿ ಹೊರಡಿಸಿತು. ಯಾರು ಬೇಕಾದರೂ ತಮಗೆ ಬೇಕಾದ ಟ್ಯಾಗನ್ನು ಕಟ್ಟಿಕೊಳ್ಳಬಹುದು ಎಂಬುದೇ ಅದರ ಬಲ. ಹಾಗೆಂದಮೇಲೆ ಪುಸ್ತಕದ ಅಂಗಡಿಯವರ ‘ಟೈಟಲ್’ ಮತ್ತು ಆಸ್ತಿ ದಾಖಲೆಯವರ ‘ಟೈಟಲ್’ ಒಂದೇ ಕಡತದಲ್ಲಿ ಎದುರಾಗುವುದನ್ನು ತಪ್ಪಿಸಲಾಗದು. ಇದಕ್ಕೆ ಪರಿಹಾರವಾಗಿ 1999ರ ಜನವರಿ 14ರಂದು ಟಿಮ್ ಬ್ರೇ, ಡೇವ್ ಹಾಲಂಡರ್, ಆಂಡ್ರ್ಯೂ ಲೇಮನ್ ಸಂಪಾದಿಸಿದ ‘ನೇಮ್‌ಸ್ಪೇಸಸ್ ಇನ್ ಎಕ್ಸ್‌ಎಂಎಲ್’ ಬಂತು. ಪ್ರತಿ ಟ್ಯಾಗಿನ ಹೆಸರಿಗೂ ಒಂದು ಯುಆರ್‌ಐಯನ್ನು ಜೋಡಿಸಬೇಕು, ಡೊಮೇನಿನ ಒಡೆಯ ಒಬ್ಬನೇ ಆದ್ದರಿಂದ ಹೆಸರುಗಳು ಡಿಕ್ಕಿಯಾಗುವುದಿಲ್ಲ ಎಂಬುದು ಅದರ ತಿರುಳು. ಪ್ರತಿ ಟ್ಯಾಗಿನಲ್ಲೂ ಇಡೀ ಯುಆರ್‌ಐ ಬರೆಯುವುದು ಆಗದ ಕೆಲಸ. ಅದಕ್ಕಾಗಿ ಒಂದೆರಡು ಅಕ್ಷರದ ಪ್ರಿಫಿಕ್ಸನ್ನು ಘೋಷಿಸಿಕೊಂಡು, ಕೋಲನ್ ಹಾಕಿ ಬಳಸುವ ಸೌಕರ್ಯ ಕೊಟ್ಟರು. ಪ್ರಿಫಿಕ್ಸೇ ಇಲ್ಲದೆ ಘೋಷಿಸಿದರೆ ಅದು ಡೀಫಾಲ್ಟ್ ನೇಮ್‌ಸ್ಪೇಸ್. ವಿಕಿಪೀಡಿಯದ ಕಡತದಲ್ಲಿ ಇರುವುದು ಅದೇ.

ಪ್ರಿಫಿಕ್ಸ್ ಮತ್ತು ಯುಆರ್‌ಐಗಳ ಸಂಬಂಧವನ್ನು ಕಿರಿಯರಿಗೆ ವಿವರಿಸುವಾಗ ನಾನು ನಮ್ಮ ಇನಿಶಿಯಲ್ಲುಗಳನ್ನು ಬಳಸುತ್ತೇನೆ. ಕೆ.ವಿ. ಪುಟ್ಟಪ್ಪ, ಕೆ. ಶಿವರಾಮ ಕಾರಂತ, ಕೆ.ಎಸ್. ನರಸಿಂಹಸ್ವಾಮಿ. ಮೂವರಿಗೂ ಮೊದಲು ಕೆ ಇದೆ. ಬಿಡಿಸಿದರೆ ಒಂದು ಕುಪ್ಪಳಿ, ಒಂದು ಕೋಟ, ಇನ್ನೊಂದು ಕಿಕ್ಕೇರಿ. ಕೆ ಎಂಬ ಅಕ್ಷರ ನೋಡಿ ಮೂವರೂ ಒಂದೇ ಊರಿನವರು ಎಂದು ಯಾರೂ ಹೇಳುವುದಿಲ್ಲ. ಹಾಗೆಯೇ ಒಂದು ಪುಸ್ತಕದ ಮೇಲೆ ಕೆ.ವಿ. ಪುಟ್ಟಪ್ಪ ಎಂದೂ ಇನ್ನೊಂದರ ಮೇಲೆ ಕುವೆಂಪು ಎಂದೂ ಇದ್ದರೆ ಇಬ್ಬರು ಲೇಖಕರು ಎಂದು ಎಣಿಸುವುದೂ ಇಲ್ಲ. ಪ್ರಿಫಿಕ್ಸ್ ಆ ಕಡತದ ಮಟ್ಟಿಗಿನ ಸಂಕ್ಷೇಪ, ಗುರುತು ಇರುವುದು ಅದು ಬಿಡಿಸಿಕೊಳ್ಳುವ ಯುಆರ್‌ಐಯಲ್ಲಿ. ಸ್ಕ್ರಿಪ್ಟಿನಲ್ಲಿ ಪ್ರಿಫಿಕ್ಸನ್ನು ನೆಚ್ಚಿ ಹುಡುಕಿದವರ ಕೆಲಸ ಒಂದು ಕಡತಕ್ಕೆ ಆಗುತ್ತದೆ, ಬೇರೆ ತಂತ್ರಾಂಶ ಬರೆದ ಮುಂದಿನ ಕಡತಕ್ಕೆ ಕೈಕೊಡುತ್ತದೆ.

ಯುಆರ್‌ಐ ನೋಡಲು ಜಾಲತಾಣದ ವಿಳಾಸದಂತಿರುವುದರಿಂದ ಇನ್ನೊಂದು ಗೊಂದಲ ಹುಟ್ಟುತ್ತದೆ. ಇಂಟರ್ನೆಟ್ ಇಲ್ಲದಿದ್ದರೆ ಸ್ಕ್ರಿಪ್ಟು ನಡೆಯುತ್ತದೆಯೇ ಎಂದು ಕೇಳುವವರಿದ್ದಾರೆ. ನಡೆಯುತ್ತದೆ. ಪಾರ್ಸರ್ ಆ ವಿಳಾಸಕ್ಕೆ ಹೋಗುವುದೇ ಇಲ್ಲ, ಅಕ್ಷರಕ್ಕೆ ಅಕ್ಷರ ಹೊಂದುತ್ತದೆಯೇ ಎಂದು ಮಾತ್ರ ನೋಡುತ್ತದೆ. ಕೊನೆಯ ಓರೆಗೆರೆ ಬಿಟ್ಟುಹೋದರೂ ಅದು ಬೇರೆ ನೇಮ್‌ಸ್ಪೇಸ್. ಒಮ್ಮೆ ನಮ್ಮ ಯೋಜನೆಯಲ್ಲಿ ಯಾರೋ ಭದ್ರತೆಯ ಕಾಳಜಿಯಿಂದ ಎಲ್ಲ ಸ್ಕ್ರಿಪ್ಟುಗಳಲ್ಲಿ ‘ಎಚ್‌ಟಿಟಿಪಿ’ ಇದ್ದ ಕಡೆಯೆಲ್ಲ ‘ಎಚ್‌ಟಿಟಿಪಿಎಸ್’ ಮಾಡಿದರು. ಜಾಲತಾಣದ ಕೊಂಡಿಗಳಿಗೆ ಅದು ಒಳ್ಳೆಯ ಕೆಲಸ. ನೇಮ್‌ಸ್ಪೇಸಿನ ಯುಆರ್‌ಐಗಳಿಗೆ ಹಾಗಲ್ಲ. ಮರುದಿನ ಎಲ್ಲ ಪಟ್ಟಿಗಳೂ ಖಾಲಿ. ಈಗ ನೇಮ್‌ಸ್ಪೇಸುಗಳೆಲ್ಲ ಒಂದೇ ಪುಟ್ಟ ಕಡತದಲ್ಲಿ ಇರುತ್ತವೆ, ಇವು ಕೊಂಡಿಗಳಲ್ಲ, ಮುಟ್ಟಬೇಡಿ ಎಂಬ ಟಿಪ್ಪಣಿಯ ಜೊತೆ.

ಪುಷ್ಪಾವರಣದಲ್ಲಿ ಯುಆರ್‌ಐ ಬರೆಯುವ ರೀತಿಯನ್ನು ಜೇಮ್ಸ್ ಕ್ಲಾರ್ಕ್ 1999ರಲ್ಲಿ ನೇಮ್‌ಸ್ಪೇಸನ್ನು ವಿವರಿಸಲು ಬಳಸಿದರು. ಫ್ರೆಡ್ರಿಕ್ ಲುಂಡ್ ತಾವು ಕಟ್ಟಿದ ಎಲಿಮೆಂಟ್‌ಟ್ರೀಗೆ ಅದನ್ನೇ ತಂದರು, 2006ರ ಪೈಥಾನ್ 2.5ರಿಂದ ಆ ಲೈಬ್ರರಿ ಭಾಷೆಯ ಜೊತೆಗೇ ಬರುತ್ತಿದೆ. ಲುಂಡ್ 2021ರಲ್ಲಿ ತೀರಿಕೊಂಡರು. ಅವರ ಈ ಆಯ್ಕೆಯನ್ನು ವಿಕಾರ ಎಂದವರು ಬಹಳ ಮಂದಿ. ಸಾಲು ಉದ್ದವಾಗುತ್ತದೆ, ಕಣ್ಣಿಗೆ ಹಿತವಿಲ್ಲ, ಒಪ್ಪುತ್ತೇನೆ. ಆದರೆ ನಾನು ಬಳಸಿದ ಎಲ್ಲ ಲೈಬ್ರರಿಗಳಲ್ಲಿ ಇದರಷ್ಟು ಪ್ರಾಮಾಣಿಕವಾದದ್ದು ಇನ್ನೊಂದಿಲ್ಲ. ಟ್ಯಾಗಿನ ಹೆಸರು ಏನೋ ಅದನ್ನು ಪೂರ್ತಿಯಾಗಿ ಹೇಳುತ್ತದೆ. ಪಿಎಚ್‌ಪಿಯ ಸಿಂಪಲ್‌ಎಕ್ಸ್‌ಎಂಎಲ್ ಹೆಸರಿಗೆ ತಕ್ಕಂತೆ ಸರಳ, ಆದರೆ ಪ್ರಿಫಿಕ್ಸ್ ಇರುವ ಮಕ್ಕಳನ್ನು ‘ಚಿಲ್ಡ್ರನ್’ ಫಂಕ್ಷನ್ನಿಗೆ ಯುಆರ್‌ಐ ಕೊಟ್ಟು ಕೇಳುವವರೆಗೆ ತೋರಿಸುವುದೇ ಇಲ್ಲ. ಅದರಲ್ಲಿ ಅರ್ಧ ಕಡತವೇ ಮಾಯವಾದಂತೆ ಕಾಣುತ್ತದೆ.

ಹುಡುಕಾಟಕ್ಕೆ ಎಕ್ಸ್‌ಪಾತ್ ಭಾಷೆ ಬಳಸುವವರು ತಿಳಿಯಬೇಕಾದ ನಿಯಮ ಒಂದೇ. 1999ರ ನವೆಂಬರಿನ ಎಕ್ಸ್‌ಪಾತ್ 1.0 ಪ್ರಕಾರ, ಪ್ರಿಫಿಕ್ಸ್ ಇಲ್ಲದ ಹೆಸರೆಂದರೆ ನೇಮ್‌ಸ್ಪೇಸೇ ಇಲ್ಲದ ಹೆಸರು. ಕಡತದ ಡೀಫಾಲ್ಟ್ ಏನಿದ್ದರೂ ಅದಕ್ಕೆ ಲೆಕ್ಕವಿಲ್ಲ. ಪೈಥಾನಿನ ಎಲ್‌ಎಕ್ಸ್‌ಎಂಎಲ್, ಪಿಎಚ್‌ಪಿಯ ಡಾಮ್‌ಎಕ್ಸ್‌ಪಾತ್, ಪರ್ಲ್‌ನ ಲಿಬ್‌ಎಕ್ಸ್‌ಎಂಎಲ್ ಮೂರರಲ್ಲೂ ಇದೇ ಕಥೆ. ಹಾಗಾಗಿ ಕಡತದಲ್ಲಿ ಎಲ್ಲೂ ಇಲ್ಲದ ಒಂದು ಪ್ರಿಫಿಕ್ಸನ್ನು ನಾವೇ ಆರಿಸಿ, ಅದನ್ನು ಯುಆರ್‌ಐಗೆ ಕಟ್ಟಿ, ಆಮೇಲೆ ಹುಡುಕಬೇಕು.

ವಿಕಿಪೀಡಿಯದ ಕಡತ ಇನ್ನೊಂದು ಪಾಠ ಕಲಿಸಿತು. ಅದರ ಯುಆರ್‌ಐಯಲ್ಲೇ ಆವೃತ್ತಿ ಇದೆಯಲ್ಲ, 0.10 ಇದ್ದದ್ದು ಮುಂದೆ 0.11 ಆಯಿತು. ಯುಆರ್‌ಐಯನ್ನು ಸ್ಕ್ರಿಪ್ಟಿನಲ್ಲಿ ಗಟ್ಟಿಯಾಗಿ ಬರೆದಿಟ್ಟವರಿಗೆಲ್ಲ ಮತ್ತೆ ಖಾಲಿ ಪಟ್ಟಿ. ಇಂಥ ಕಡೆ ಬೇರು ಟ್ಯಾಗಿನಿಂದಲೇ ಯುಆರ್‌ಐ ಕಿತ್ತುಕೊಂಡು ಬಳಸುವುದು ಸರಿ. ಪೈಥಾನ್ 3.8ರಿಂದ ಪುಷ್ಪಾವರಣದೊಳಗೆ ಬರಿಯ ನಕ್ಷತ್ರ ಇಟ್ಟು ‘ಯಾವ ನೇಮ್‌ಸ್ಪೇಸಿನದಾದರೂ ಸರಿ’ ಎನ್ನುವ ಅನುಕೂಲವೂ ಬಂದಿದೆ. ಒಂದೇ ನೇಮ್‌ಸ್ಪೇಸ್ ಇರುವ ಈ ಕಡತಕ್ಕೆ ಅದು ಸಾಕು. (ಇದೇ ಕಡತದಲ್ಲಿ ‘ಎನ್‌ಎಸ್’ ಎಂಬ ಟ್ಯಾಗೂ ಇದೆ. ಅದು ವಿಕಿಯ ಒಳಗಿನ ವಿಭಾಗದ ಸಂಖ್ಯೆ. 0 ಎಂದರೆ ಲೇಖನ, 10 ಟೆಂಪ್ಲೇಟು, 14 ವರ್ಗ. ಪದಪಟ್ಟಿಗೆ 0 ಇದ್ದವನ್ನಷ್ಟೇ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಟೆಂಪ್ಲೇಟುಗಳ ಸಂಕೇತಗಳೆಲ್ಲ ಪದಗಳಾಗಿ ಬರುತ್ತವೆ.)

ನಕ್ಷತ್ರಕ್ಕಿಂತ ಹಳೆಯ ಅಡ್ಡದಾರಿಯೊಂದಿದೆ. ಪಾರ್ಸ್ ಮಾಡುವ ಮುಂಚೆಯೇ ರೆಗ್ಯುಲರ್ ಎಕ್ಸ್‌ಪ್ರೆಷನ್ನಿನಿಂದ ಎಕ್ಸ್‌ಎಂಎಲ್‌ಎನ್‌ಎಸ್ ಘೋಷಣೆಯನ್ನು ಅಳಿಸಿಬಿಡುವುದು. ನನ್ನ ಕೈಗೆ ಬಂದ ಹಳೆಯ ಸ್ಕ್ರಿಪ್ಟುಗಳಲ್ಲಿ ಇದು ಸಾಮಾನ್ಯವಾಗಿ ಇರುತ್ತಿತ್ತು. ಡೀಫಾಲ್ಟ್ ಒಂದೇ ಇರುವ ಕಡತದಲ್ಲಿ ಹೇಗೋ ನಡೆಯುತ್ತದೆ. ಪ್ರಿಫಿಕ್ಸ್ ಇರುವ ಕಡತದಲ್ಲಿ ಘೋಷಣೆ ಅಳಿಸಿದರೆ ಪಾರ್ಸರ್ ಪ್ರಿಫಿಕ್ಸಿಗೆ ನೆಲೆಯಿಲ್ಲ ಎಂದು ನಿಲ್ಲುತ್ತದೆ. ಆಗ ಜನ ಪ್ರಿಫಿಕ್ಸುಗಳನ್ನೂ ಅಳಿಸುತ್ತಾರೆ. ಅಲ್ಲಿಂದ ಮುಂದಿನ ಅನಾಹುತ ನನಗೆ ಅರ್ಥವಾದದ್ದು ವರ್ಡ್ ಕಡತಗಳ ಜೊತೆ ಕೆಲಸ ಮಾಡುವಾಗ.

ಆ ಕೆಲಸದ ಹಿನ್ನೆಲೆ ಕನ್ನಡದ ಪ್ರಕಾಶಕರಿಗೆಲ್ಲ ಗೊತ್ತು. ಯೂನಿಕೋಡ್ ಬಳಕೆಗೆ ಬರುವ ಮುಂಚೆ, ಬಂದಮೇಲೂ ಎಷ್ಟೋ ವರ್ಷ, ನಮ್ಮ ಪುಸ್ತಕಗಳು ನುಡಿ ಮತ್ತು ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಾದವು. ಅವುಗಳಲ್ಲಿ ಕನ್ನಡದ ಅಕ್ಷರವೆಂಬುದು ಫಾಂಟಿನ ಚಿತ್ರದಲ್ಲಿ ಮಾತ್ರ ಇದೆ. ಕಡತದೊಳಗೆ ಇರುವುದು ಲ್ಯಾಟಿನ್ ಸಂಕೇತಗಳು. ‘ಕನ್ನಡ’ ಎಂಬ ಪದ ಅಲ್ಲಿ ಇಂಗ್ಲಿಷಿನ ದೊಡ್ಡ ಪಿ, ಪೌಂಡ್ ಚಿಹ್ನೆ, ಜರ್ಮನ್ ಎಸ್ಸೆಟ್, ಸಣ್ಣ ಕ್ಯೂ, ನಡುನಡುವೆ ತಲೆಯ ಮೇಲೆ ಗೆರೆಯುಳ್ಳ ಎ ಆಗಿ ಕೂತಿರುತ್ತದೆ. ಇಂಥ ಡಾಕ್‌ಎಕ್ಸ್ ಕಡತಗಳನ್ನು ಯೂನಿಕೋಡಿಗೆ ತಂದು ಇ-ಪುಸ್ತಕ ಮಾಡುವುದು, ಹುಡುಕಲು ಸಿಗುವಂತೆ ಮಾಡುವುದು ನನ್ನ ಪಾಲಿಗೆ ಬಂದ ಕೆಲಸ. ಒಂದು ಪೀಳಿಗೆಯ ಬರವಣಿಗೆ ಓದಲಾಗದ ಸಂಕೇತವಾಗಿ ಉಳಿಯಬಾರದು ಎಂಬ ಕಾಳಜಿ ಇದರಲ್ಲಿ ನನ್ನನ್ನು ಹಿಡಿದಿಟ್ಟಿದೆ.

ಡಾಕ್‌ಎಕ್ಸ್ ಎಂದರೆ ಒಂದು ಜಿಪ್ ಪೊಟ್ಟಣ. ಒಳಗೆ ‘ಡಾಕ್ಯುಮೆಂಟ್’ ಎಂಬ ಎಕ್ಸ್‌ಎಂಎಲ್ ಕಡತದಲ್ಲಿ ಮುಖ್ಯ ಪಠ್ಯ. ಪ್ಯಾರಾ ‘ಡಬ್ಲ್ಯೂ:ಪಿ’, ಅದರೊಳಗೆ ಒಂದೇ ರೂಪದ ಅಕ್ಷರಗಳ ತುಣುಕು ‘ಡಬ್ಲ್ಯೂ:ಆರ್’, ಅದರೊಳಗೆ ಪಠ್ಯ ‘ಡಬ್ಲ್ಯೂ:ಟಿ’. ಗಣಿತದ ಸಮೀಕರಣಗಳಿಗೆ ಬೇರೆ ನೇಮ್‌ಸ್ಪೇಸ್, ಅಲ್ಲಿಯೂ ‘ಆರ್’ ಮತ್ತು ‘ಟಿ’ ಇವೆ. ಚಿತ್ರ ಮತ್ತು ನಕ್ಷೆಗಳ ಡ್ರಾಯಿಂಗ್‌ಎಂಎಲ್ ಮತ್ತೊಂದು ನೇಮ್‌ಸ್ಪೇಸ್, ಅಲ್ಲಿಯೂ ‘ಪಿ’, ‘ಆರ್’, ‘ಟಿ’. ಪ್ರಿಫಿಕ್ಸ್ ಅಳಿಸಿದರೆ ಅಥವಾ ನಕ್ಷತ್ರ ಹಾಕಿ ‘ಟಿ’ಗಳನ್ನೆಲ್ಲ ತಂದರೆ ಸಮೀಕರಣದ ಎಕ್ಸ್ ವೈಗಳೂ ನುಡಿ ಸಂಕೇತಗಳೆಂದು ಪರಿವರ್ತಕದೊಳಗೆ ಹೋಗಿ ಅರ್ಥವಿಲ್ಲದ ಕನ್ನಡವಾಗಿ ಹೊರಬರುತ್ತವೆ. 1999ರಲ್ಲಿ ಆ ಮೂವರು ಸಂಪಾದಕರು ಯಾವ ಡಿಕ್ಕಿಯನ್ನು ತಪ್ಪಿಸಲು ಹೊರಟರೋ ಅದನ್ನು ನಾವೇ ಕರೆಸಿಕೊಂಡಂತೆ.

ಯಾವ ತುಣುಕು ನುಡಿಯಲ್ಲಿದೆ, ಯಾವುದು ನಿಜವಾದ ಇಂಗ್ಲಿಷ್ ಎಂದು ತಿಳಿಯಲು ಇರುವ ಆಧಾರ ಫಾಂಟಿನ ಹೆಸರೊಂದೇ. ಅದು ‘ಡಬ್ಲ್ಯೂ:ಆರ್‌ಫಾಂಟ್ಸ್’ ಟ್ಯಾಗಿನ ‘ಡಬ್ಲ್ಯೂ:ಆಸ್ಕಿ’ ಎಂಬ ಆಟ್ರಿಬ್ಯೂಟಿನಲ್ಲಿರುತ್ತದೆ. ಇಲ್ಲಿ ಆಟ್ರಿಬ್ಯೂಟುಗಳ ನಿಯಮ ತಿಳಿದಿರಬೇಕು. ಡೀಫಾಲ್ಟ್ ನೇಮ್‌ಸ್ಪೇಸ್ ಟ್ಯಾಗುಗಳಿಗೆ ಅನ್ವಯಿಸುತ್ತದೆ, ಆಟ್ರಿಬ್ಯೂಟುಗಳಿಗೆ ಇಲ್ಲ. ಪ್ರಿಫಿಕ್ಸ್ ಇಲ್ಲದ ಆಟ್ರಿಬ್ಯೂಟ್ ಯಾವ ನೇಮ್‌ಸ್ಪೇಸಿಗೂ ಸೇರಿದ್ದಲ್ಲ. ವಿಕಿಪೀಡಿಯದ ‘ಟೆಕ್ಸ್ಟ್’ ಟ್ಯಾಗಿನಲ್ಲಿ ‘ಬೈಟ್ಸ್’ ಎಂಬ ಆಟ್ರಿಬ್ಯೂಟನ್ನು ಬರಿಯ ಹೆಸರಿನಿಂದ ಕೇಳಿದರೆ ಸಿಗುತ್ತದೆ, ಯುಆರ್‌ಐ ಸೇರಿಸಿ ಕೇಳಿದರೆ ಸಿಗದು. ವರ್ಡ್‌ನಲ್ಲಿ ಅದು ತಿರುಗಾಮುರುಗಾ. ಆಟ್ರಿಬ್ಯೂಟಿಗೂ ಪ್ರಿಫಿಕ್ಸ್ ಇರುವುದರಿಂದ ಬರಿಯ ‘ಆಸ್ಕಿ’ ಎಂದು ಕೇಳಿದರೆ ಪೈಥಾನ್ ‘ನನ್’ ಎಂದು ಸುಮ್ಮನಾಗುತ್ತದೆ. ಆಗ ಎಲ್ಲ ತುಣುಕುಗಳೂ ನುಡಿಯಲ್ಲದವು ಎಂದಾಗಿ, ಇಡೀ ಪುಸ್ತಕ ಒಂದಕ್ಷರವೂ ಬದಲಾಗದೆ ಹೊರಬರುತ್ತದೆ. ಫಾಂಟು ತುಣುಕಿನಲ್ಲಿರದೆ ಸ್ಟೈಲ್ ಕಡತದಲ್ಲಿ ಇರುವ ಪುಸ್ತಕಗಳೂ ಇವೆ, ಅಲ್ಲಿಗೂ ಹೋಗಿ ನೋಡಬೇಕು.

‘ಎಕ್ಸ್‌ಎಂಎಲ್’ ಎಂಬ ಪ್ರಿಫಿಕ್ಸ್ ಮಾತ್ರ ಎಲ್ಲ ಕಡತಗಳಲ್ಲೂ ಘೋಷಣೆಯಿಲ್ಲದೆ ಇರುತ್ತದೆ, ಅದರ ಯುಆರ್‌ಐ ನಿಗದಿಯಾದದ್ದು. ಅದರ ‘ಸ್ಪೇಸ್’ ಆಟ್ರಿಬ್ಯೂಟಿಗೆ ‘ಪ್ರಿಸರ್ವ್’ ಎಂಬ ಬೆಲೆ ಇದ್ದರೆ ಮಾತ್ರ ವರ್ಡ್ ಪಠ್ಯದ ಆರಂಭ ಮತ್ತು ಕೊನೆಯ ಖಾಲಿ ಜಾಗವನ್ನು ಉಳಿಸಿಕೊಳ್ಳುತ್ತದೆ. ಪರಿವರ್ತನೆಯಲ್ಲಿ ಹೊಸ ‘ಡಬ್ಲ್ಯೂ:ಟಿ’ ಸೃಷ್ಟಿಸಿ ಇದನ್ನು ಹಾಕದಿದ್ದರೆ ತುಣುಕುಗಳ ಅಂಚಿನಲ್ಲಿರುವ ಪದಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕರಡು ತಿದ್ದುವವರಿಗೆ ಇದರಷ್ಟು ಬೇಸರದ ಕೆಲಸ ಬೇರೆ ಇಲ್ಲ.

ಓದುವುದು ಇಷ್ಟಾದರೆ, ಓದಿದ್ದನ್ನು ಮತ್ತೆ ಬರೆಯುವುದು ಇನ್ನೂ ಕಷ್ಟ. ಪ್ರಿಫಿಕ್ಸ್ ಮುಖ್ಯವಲ್ಲ, ಯುಆರ್‌ಐ ಮುಖ್ಯ ಎಂದು ಇಷ್ಟು ಹೊತ್ತು ಹೇಳಿದೆ. ಎಲಿಮೆಂಟ್‌ಟ್ರೀ ಕೂಡ ಹಾಗೆಯೇ ನಂಬಿದೆ. ಕಡತವನ್ನು ಓದುವಾಗ ಪ್ರಿಫಿಕ್ಸುಗಳನ್ನು ಮರೆತು, ಬರೆಯುವಾಗ ‘ಎನ್‌ಎಸ್0’, ‘ಎನ್‌ಎಸ್1’ ಎಂದು ಹೊಸವನ್ನು ಇಡುತ್ತದೆ. ಎಕ್ಸ್‌ಎಂಎಲ್ ನಿಯಮದಂತೆ ಅದು ಅದೇ ಕಡತ. ಆದರೆ ವರ್ಡ್ ಅದನ್ನು ತೆರೆಯಲು ಹೋಗಿ ಕಡತ ಕೆಟ್ಟಿದೆ ಎನ್ನುತ್ತದೆ.

ಈ ಗಂಟನ್ನು ಬಿಡಿಸಲು ನಾನು ಬಹಳ ಹೊತ್ತು ಕೂತೆ. ವರ್ಡ್ ಕಡತದ ಬೇರು ಟ್ಯಾಗಿನಲ್ಲಿ ‘ಎಂಸಿ:ಇಗ್ನೋರಬಲ್’ ಎಂಬ ಆಟ್ರಿಬ್ಯೂಟಿದೆ. ಹಳೆಯ ವರ್ಡ್ ಆವೃತ್ತಿಗಳು ಯಾವ ಹೊಸ ನೇಮ್‌ಸ್ಪೇಸುಗಳನ್ನು ಅರ್ಥವಾಗದಿದ್ದರೆ ಬಿಟ್ಟುಬಿಡಬಹುದು ಎಂದು ಹೇಳುವ ಪಟ್ಟಿ ಅದು. ಆ ಪಟ್ಟಿಯಲ್ಲಿ ಇರುವುದು ‘ಡಬ್ಲ್ಯೂ14’, ‘ಡಬ್ಲ್ಯೂ15’ ಎಂಬ ಪ್ರಿಫಿಕ್ಸುಗಳು, ಯುಆರ್‌ಐಗಳಲ್ಲ. ಪಾರ್ಸರಿನ ಕಣ್ಣಿಗೆ ಅದು ಆಟ್ರಿಬ್ಯೂಟಿನ ಬೆಲೆ, ಬರಿಯ ಅಕ್ಷರಗಳ ಸಾಲು. ಟ್ಯಾಗುಗಳ ಪ್ರಿಫಿಕ್ಸನ್ನು ಬದಲಿಸಿದಾಗ ಆ ಸಾಲು ಹಾಗೆಯೇ ಉಳಿಯುತ್ತದೆ, ಅದು ಬೆರಳು ತೋರುವ ಘೋಷಣೆ ಮಾತ್ರ ಇರುವುದಿಲ್ಲ. ‘ರಿಜಿಸ್ಟರ್ ನೇಮ್‌ಸ್ಪೇಸ್’ ಫಂಕ್ಷನ್ನಿನಿಂದ ಹಳೆಯ ಪ್ರಿಫಿಕ್ಸುಗಳನ್ನೇ ಕೊಟ್ಟರೂ ಪೂರ್ತಿ ಪರಿಹಾರವಾಗದು, ಏಕೆಂದರೆ ಎಲಿಮೆಂಟ್‌ಟ್ರೀ ಟ್ಯಾಗು ಅಥವಾ ಆಟ್ರಿಬ್ಯೂಟುಗಳಲ್ಲಿ ಬಳಕೆಯಾದ ನೇಮ್‌ಸ್ಪೇಸುಗಳನ್ನಷ್ಟೇ ಘೋಷಿಸುತ್ತದೆ. ಬೆಲೆಯೊಳಗೆ ಪ್ರಿಫಿಕ್ಸ್ ಅಡಗಿರುವುದು ಪೊಟ್ಟಣದ ‘ಕೋರ್’ ಕಡತದಲ್ಲೂ ಇದೆ. ಕಡತ ಹುಟ್ಟಿದ ದಿನಾಂಕದ ಟ್ಯಾಗಿನಲ್ಲಿ ‘ಎಕ್ಸ್‌ಎಸ್‌ಐ:ಟೈಪ್’ ಎಂಬ ಆಟ್ರಿಬ್ಯೂಟಿನ ಬೆಲೆ ‘ಡಿಸಿಟರ್ಮ್ಸ್’ ಎಂಬ ಪ್ರಿಫಿಕ್ಸಿನಿಂದ ಶುರುವಾಗುತ್ತದೆ.

ಬೆಲೆಯೊಳಗೆ ಪ್ರಿಫಿಕ್ಸ್ ಬರೆಯುವ ಈ ಪದ್ಧತಿ ಇಡೀ ಏರ್ಪಾಡಿನ ಅತ್ಯಂತ ದುರ್ಬಲ ಜಾಗ ಎಂದು ನಾನು ದೃಢವಾಗಿ ನಂಬುತ್ತೇನೆ. ಓದಿ, ತಿದ್ದಿ, ಮರಳಿ ಬರೆಯುವ ಕೆಲಸಕ್ಕೆ ಅಂದಿನಿಂದ ಎಲ್‌ಎಕ್ಸ್‌ಎಂಎಲ್ ಮಾತ್ರ ಬಳಸುತ್ತೇನೆ. ಸಿ ಭಾಷೆಯ ಲಿಬ್‌ಎಕ್ಸ್‌ಎಂಎಲ್2 ಮೇಲೆ ಕಟ್ಟಿದ ಅದು ಮೂಲದ ಪ್ರಿಫಿಕ್ಸುಗಳನ್ನೂ ಬಳಕೆಯಾಗದ ಘೋಷಣೆಗಳನ್ನೂ ಇದ್ದಂತೆ ಉಳಿಸುತ್ತದೆ. ಅದರಲ್ಲಿ ‘ಕ್ಲೀನಪ್ ನೇಮ್‌ಸ್ಪೇಸಸ್’ ಎಂಬ ಫಂಕ್ಷನ್ ಇದೆ, ಹೆಸರು ಕೇಳಲು ಚೆನ್ನಾಗಿದೆ. ಡಾಕ್‌ಎಕ್ಸ್ ಮೇಲೆ ಹಾಗೆಯೇ ಓಡಿಸಿದರೆ ಉಳಿಸಿಕೊಂಡಿದ್ದ ಬಳಕೆಯಾಗದ ಘೋಷಣೆಗಳೆಲ್ಲ ಹೋಗುತ್ತವೆ.

ಪಠ್ಯಪೆಟ್ಟಿಗೆಗಳು ಹಳೆಯ ವರ್ಡ್‌ಗೂ ಹೊಂದುವಂತೆ ಬರೆಯುವ ಏರ್ಪಾಡಿನ ಇನ್ನೊಂದು ಮುಖ. ಹಳೆಯ ಮತ್ತು ಹೊಸ ವರ್ಡ್ ಎರಡಕ್ಕೂ ಕಾಣಲಿ ಎಂದು ಪೆಟ್ಟಿಗೆಯ ಪಠ್ಯವನ್ನು ‘ಎಂಸಿ:ಆಲ್ಟರ್ನೇಟ್ ಕಂಟೆಂಟ್’ ಟ್ಯಾಗಿನೊಳಗೆ ಎರಡು ಸಲ ಬರೆದಿರುತ್ತಾರೆ, ಒಮ್ಮೆ ‘ಚಾಯ್ಸ್’ನಲ್ಲಿ, ಒಮ್ಮೆ ‘ಫಾಲ್‌ಬ್ಯಾಕ್’ನಲ್ಲಿ. ‘ಡಬ್ಲ್ಯೂ:ಟಿ’ಗಳನ್ನೆಲ್ಲ ಸಾಲಾಗಿ ತೆಗೆದರೆ ಆ ಪಠ್ಯ ಪುಸ್ತಕದಲ್ಲಿ ಎರಡೆರಡು ಬಾರಿ ಬರುತ್ತದೆ. ಮಕ್ಕಳ ಪುಸ್ತಕಗಳಲ್ಲಿ ಇಂಥ ಪೆಟ್ಟಿಗೆಗಳು ಹೆಚ್ಚು. ಇ-ಪುಸ್ತಕಕ್ಕೆ ಪಠ್ಯ ತೆಗೆಯುವಾಗ ಫಾಲ್‌ಬ್ಯಾಕ್ ಬಿಟ್ಟುಬಿಡುತ್ತೇನೆ, ಡಾಕ್‌ಎಕ್ಸ್ ಆಗಿಯೇ ಮರಳಿಸಬೇಕಾದರೆ ಎರಡನ್ನೂ ಪರಿವರ್ತಿಸುತ್ತೇನೆ.

ಇವೆಲ್ಲ ಒಂದು ಹದಕ್ಕೆ ಬಂದಮೇಲೂ ಒಂದು ಪುಸ್ತಕ ಖಾಲಿ ಬಂತು. ತೆರೆದರೆ ಟ್ಯಾಗುಗಳೆಲ್ಲ ಅವೇ, ಪ್ರಿಫಿಕ್ಸೂ ‘ಡಬ್ಲ್ಯೂ’ನೇ, ಯುಆರ್‌ಐ ಮಾತ್ರ ಬೇರೆ. 2008ರಲ್ಲಿ ಈ ಮಾದರಿ ಐಎಸ್‌ಒ/ಐಇಸಿ 29500 ಎಂಬ ಅಂತಾರಾಷ್ಟ್ರೀಯ ಮಾನಕವಾದಾಗ ‘ಟ್ರಾನ್ಸಿಷನಲ್’ ಮತ್ತು ‘ಸ್ಟ್ರಿಕ್ಟ್’ ಎಂಬ ಎರಡು ಬಗೆಗಳಾದವು. ಸ್ಟ್ರಿಕ್ಟ್‌ಗೆ ಬೇರೆಯೇ ಯುಆರ್‌ಐಗಳಿವೆ. ನಾವು ಕಾಣುವ ಕಡತಗಳಲ್ಲಿ ಹೆಚ್ಚಿನವು ಮೊದಲನೆಯ ಬಗೆ, ಆದರೆ ಉಳಿಸುವಾಗ ಯಾರೋ ಎರಡನೆಯದನ್ನು ಆರಿಸಿರಬಹುದು. ಈಗ ಸ್ಕ್ರಿಪ್ಟು ಬೇರನ್ನು ನೋಡಿ ಎರಡರಲ್ಲಿ ಯಾವುದೆಂದು ನಿರ್ಧರಿಸುತ್ತದೆ. ಎರಡೂ ಅಲ್ಲದಿದ್ದರೆ ಮುಂದೆ ಹೋಗದೆ ನಿಲ್ಲುತ್ತದೆ. ಪಠ್ಯದ ಒಂದು ತುಣುಕೂ ಸಿಗದ ಕಡತವನ್ನೂ ದೋಷವೆಂದೇ ಎಣಿಸಿ ಜೋರಾಗಿ ಕೂಗುವಂತೆ ಮಾಡಿದ್ದೇನೆ.

ಈಗ ಶಿಕ್ಷಕರೊಬ್ಬರು ನುಡಿಯಲ್ಲಿ ಮಾಡಿದ ಪವರ್‌ಪಾಯಿಂಟ್ ಪಾಠಗಳ ಸರದಿ. ಅಲ್ಲಿ ಪಠ್ಯವೆಲ್ಲ ಡ್ರಾಯಿಂಗ್‌ಎಂಎಲ್‌ನಲ್ಲಿದೆ. ಫಾಂಟಿನ ಹೆಸರು ‘ಎ:ಲ್ಯಾಟಿನ್’ ಟ್ಯಾಗಿನ ‘ಟೈಪ್‌ಫೇಸ್’ ಆಟ್ರಿಬ್ಯೂಟಿನಲ್ಲಿ ಬರುತ್ತದೆ, ಮತ್ತು ಈ ಆಟ್ರಿಬ್ಯೂಟಿಗೆ ವರ್ಡ್‌ನದರಂತೆ ಪ್ರಿಫಿಕ್ಸ್ ಇಲ್ಲ. ಹಾಗಾಗಿ ಟ್ಯಾಗನ್ನು ಯುಆರ್‌ಐ ಸಮೇತ ಕೇಳಬೇಕು, ಆಟ್ರಿಬ್ಯೂಟನ್ನು ಬರಿಯ ಹೆಸರಿನಿಂದ. ಡಾಕ್‌ಎಕ್ಸ್‌ಗೆ ಬರೆದ ಫಂಕ್ಷನ್ನನ್ನು ಇಲ್ಲಿಗೆ ಎತ್ತಿ ತರದೆ, ಫಾಂಟು ಓದುವ ಭಾಗವನ್ನು ಬೇರೆಯಾಗಿ ಬರೆಯುತ್ತಿದ್ದೇನೆ.